ಅಳಿಯ ಮಾಸ್ತರನ ಪರೀಕ್ಷಾ ಪಾಠ

೧೮೯೩ರಲ್ಲಿ ನಾನು ಬಳ್ಳಾರಿಯ ಟ್ರೈನಿಂಗ್ ಸ್ಕೂಲಿನಲ್ಲಿ ಮಾಸ್ತರಿಕೆ ಕಲಿಯುತ್ತಿದ್ದೆ. ವರ್ಷದ ಕೊನೆಗೆ ಪ್ರತಿಯೊಬ್ಬ ವಿದ್ಯಾರ್ಥಿಯೂ ಮೂರು ತಿಂಗಳು ಯಾವುದಾದರೂ ಊರಿನ ಶಾಲೆಯಲ್ಲಿ ಪಾಠ ಹೇಳಬೇಕಿತ್ತು. ಆ ಅವಧಿ ಮುಗಿಯುವ ಮುನ್ನ ಟ್ರೈನಿಂಗ್ ಸ್ಕೂಲಿನ ಸೂಪರಿಂಟೆಂಡೆಂಟರು ಬಂದು ಒಂದು ಪಾಠವನ್ನು ಪೂರ್ತಿ ಕೂತು ನೋಡುತ್ತಿದ್ದರು. ಅದಕ್ಕೆ ಪರೀಕ್ಷಾ ಪಾಠವೆಂದು ಹೆಸರು. ಅದರಲ್ಲಿ ತೇರ್ಗಡೆಯಾದರೆ ಸರ್ಟಿಫಿಕೇಟು, ಸರ್ಟಿಫಿಕೇಟಿದ್ದರೆ ನೌಕರಿ. ಕುರುಗೋಡಿನಲ್ಲಿ ತಾಯಿ, ಹೆಂಡತಿ ಇಬ್ಬರೂ ಆ ನೌಕರಿಯನ್ನೇ ನಂಬಿ ಕೂತಿದ್ದರು.

ನನಗೆ ಸಿಕ್ಕಿದ್ದು ಸಿರುಗುಪ್ಪದ ಮಿಡಲ್ ಸ್ಕೂಲು, ಮೂರನೆಯ ತರಗತಿಯ ಇಂಗ್ಲಿಷು. ಸಿರುಗುಪ್ಪ ನನ್ನ ಹೆಂಡತಿಯ ತವರು. ಬೇರೆ ವಸತಿಗೆ ಅನುಕೂಲವಿಲ್ಲದೆ ಮಾವನವರ ಮನೆಯಲ್ಲೇ ಉಳಿದುಕೊಂಡೆ. ಹೆಂಡತಿಯ ತಮ್ಮ ವಾಸುದೇವ ತಡವಾಗಿ ಶಾಲೆ ಸೇರಿದ ಹದಿನಾರರ ಹುಡುಗ. ಅವನು ಓದುತ್ತಿದ್ದದ್ದು ಅದೇ ಮೂರನೆಯ ತರಗತಿಯಲ್ಲಿ ಎಂಬುದು ಬಂಡಿ ಇಳಿದ ಮೇಲೆ ತಿಳಿಯಿತು.

ಮೊದಲ ದಿನ ಕೊಠಡಿಯ ಬಾಗಿಲಿಗೆ ಬಂದಾಗ ಹುಡುಗರೆಲ್ಲ ಎದ್ದು ಕೈಮುಗಿದು ನಿಂತಿದ್ದರು. ಕಾಳಿನ ವ್ಯಾಪಾರಿಯ ಮಗ ಹಂಪಣ್ಣ ನೀರು ತುಂಬಿದ ಚೊಂಬು ಹಿಡಿದು ಮುಂದೆ ಬಂದ.

"ಬರ್ರಿ, ಅಳಿಯಂದಿರು ಬರ್ರಿ. ಲೇ ವಾಸು, ನಿಮ್ಮ ಭಾವನೋರು ದಣದು ಬಂದಾರ, ಕಾಲಿಗಿ ನೀರು ಹಾಕಲೇ!"

"ಮನ್ಯಾಗ ಹಾಕಿ ಬಂದೀನಲೇ. ಇಲ್ಲಿ ನಿಮ್ಮ ಪಾಳಿ," ಎಂದ ವಾಸು. ಕೊಠಡಿ ಗೊಳ್ಳೆಂದಿತು.

ಭಾವನನ್ನು ಗೇಲಿ ಮಾಡುವುದು ನಮ್ಮ ಕಡೆ ಮೈದುನನ ಹಕ್ಕು. ಮನೆಯ ಪಡಸಾಲೆಯಲ್ಲಿ ಅದಕ್ಕೆ ನಾನೂ ನಗುತ್ತಿದ್ದೆ. ಆದರೆ ವಾಸುವಿನ ಹಕ್ಕನ್ನು ಇಡೀ ತರಗತಿ ತನ್ನದಾಗಿಸಿಕೊಂಡಿತ್ತು. ಬೈಗಳಾಗಿದ್ದರೆ ಬೆತ್ತ ಎತ್ತಬಹುದಿತ್ತು. ಇವರು ಮಾಡುತ್ತಿದ್ದದ್ದು ಉಪಚಾರ. ಪಾಠದ ನಡುವೆ ಒಬ್ಬ ಎದ್ದು ಪುಸ್ತಕದಿಂದ ನನಗೆ ಗಾಳಿ ಬೀಸುವನು. ಇನ್ನೊಬ್ಬ, "ಊಟಕ್ಕ ಇವತ್ತು ಹೋಳಿಗಿ ಆಗಿತ್ತೇನ್ರಿ ಸಾರ್?" ಎನ್ನುವನು. ಸಿಟ್ಟಾದರೆ ಹಂಪಣ್ಣ ಕಣ್ಣರಳಿಸಿ, "ಊರ ಅಳಿಯಗ ಮರ್ಯಾದಿ ಮಾಡಿದ್ರ ತಪ್ಪೇನ್ರಿ?" ಎಂದು ಕೇಳುವನು.

"ಸಾಲ್ಯಾಗ ನಾನು ಭಾವ ಅಲ್ಲ. ಸಾರ್ ಅನಬೇಕು," ಎಂದು ಅದೇ ವಾರ ವಾಸುವಿಗೆ ಮನೆಯಲ್ಲಿ ಗದರಿದೆ.

"ಆತು ಭಾವ," ಎಂದ.

ದಿನಚರಿಯಲ್ಲಿ 'ಸದ್ದು' ಎಂದೊಂದು ಕಲಂ ಎಳೆದು, ತರಗತಿಯನ್ನು ಎಷ್ಟು ಸಲ ಸುಮ್ಮನಿರಿಸಬೇಕಾಯಿತೆಂದು ಗೀಟು ಹಾಕುತ್ತಿದ್ದೆ. ಟ್ರೈನಿಂಗ್ ಸ್ಕೂಲಿನಲ್ಲಿ ಕಲಿಸಿದ ಕ್ರಮಗಳನ್ನು ಒಂದೊಂದಾಗಿ ಪ್ರಯೋಗಿಸಿದೆ. ಗದ್ದಲದವರನ್ನು ಮುಂದಿನ ಸಾಲಿಗೆ ತಂದೆ, ಬೆಂಚಿನ ಮೇಲೆ ನಿಲ್ಲಿಸಿದೆ. ಬೆಂಚಿನ ಮೇಲೆ ನಿಂತ ಹುಡುಗ ಅಲ್ಲಿಂದಲೇ ಅಕ್ಷತೆ ಹಾಕುವವನಂತೆ ಕೈ ಮಾಡಿದ. ಗೀಟುಗಳು ಕಡಿಮೆಯಾಗಲಿಲ್ಲ. ಪಕ್ಕದ ಕೊಠಡಿಯಿಂದ ಹೆಡ್ ಮಾಸ್ತರರು ಎರಡು ಬಾರಿ ಬಂದು ಬಾಗಿಲಲ್ಲಿ ನಿಂತು ನೋಡಿ ಹೋದರು. ಮಧ್ಯಾಹ್ನ ಮಾವನವರ ಪಂಕ್ತಿಯಲ್ಲಿ ತಲೆ ಎತ್ತಿ ಊಟ ಮಾಡುವುದು ಕಷ್ಟವಾಯಿತು.

ಆದರೂ ಆ ಗದ್ದಲದಲ್ಲೇ ಹುಡುಗರು ಇಂಗ್ಲಿಷ್ ಕಲಿಯುತ್ತಿದ್ದರು. ಹಂಪಣ್ಣ ಚೊಂಬು ತೋರಿಸಿ, "ದಿಸ್ ಈಸ್ ವಾಟರ್, ಸಾರ್. ವಾಶ್ ಯುವರ್ ಫೀಟ್," ಎನ್ನುವಷ್ಟು ಕಲಿತಿದ್ದ. ಅದನ್ನು ಆಗ ನಾನು ಪಾಠವೆಂದು ಎಣಿಸಲಿಲ್ಲ. ಕಲಮಿನಲ್ಲಿ ಇನ್ನೊಂದು ಗೀಟು ಹಾಕಿದೆ.

ಪರೀಕ್ಷಾ ಪಾಠದ ಹಿಂದಿನ ಸಂಜೆ ಹಿತ್ತಲಿನಲ್ಲಿ ವಾಸು ಬಾವಿಯಿಂದ ನೀರು ಸೇದುತ್ತಿದ್ದ. ನಾಚಿಕೆ ಬಿಟ್ಟು ಅವನ ಬಳಿ ಹೋದೆ.

"ನಾಳೆ ಸೂಪರಿಂಟೆಂಡೆಂಟರು ಬರ್ತಾರ, ವಾಸು. ಕ್ಲಾಸಿನ್ಯಾಗ ಗದ್ಲಾದ್ರ ನನಗ ಸರ್ಟಿಫಿಕೇಟ್ ಇಲ್ಲ. ನಿಮ್ಮಕ್ಕನ ಮುಂದ ಮುಖ ತೋರಸಾಕ ಆಗೂದಿಲ್ಲ."

ಅವನು ಹಗ್ಗ ಬಿಟ್ಟು ನನ್ನನ್ನೇ ನೋಡಿದ. "ಇಷ್ಟು ಕಷ್ಟ ಐತೇನು ಭಾವ? ಮೊದಲ ಹೇಳಬಾರ್ದಾ? ನಾವು ಬರೇ ಚೇಷ್ಟಿ ಮಾಡಾಕತ್ತಿದ್ವಿ. ನಾಳೆ ಒಬ್ಬನರ ತುಟಿ ಬಿಚ್ಚಿದ್ರ ನನ್ನ ಕೇಳ್ರಿ."

ಅಂದು ರಾತ್ರಿ ನಿಶ್ಚಿಂತೆಯಿಂದ ಮಲಗಿದೆ.

ಮರುದಿನ ಸೂಪರಿಂಟೆಂಡೆಂಟರು ಪಕ್ಕದ ಗೋಡೆಗೆ ಕುರ್ಚಿ ಹಾಕಿಸಿಕೊಂಡು ಕೂತರು. ತರಗತಿಯಲ್ಲಿ ಒಂದು ಕೆಮ್ಮೂ ಇಲ್ಲ. ನಾನು ಒಂದು ಮಾವಿನಕಾಯಿ ಎತ್ತಿ ಹಿಡಿದು, "ವಾಟ್ ಈಸ್ ದಿಸ್?" ಎಂದೆ. ಯಾರೂ ಉತ್ತರ ಕೊಡಲಿಲ್ಲ. ಬರೆಯುವ ಪಾಟಿ ಎತ್ತಿದೆ. ಆಗಲೂ ಇಲ್ಲ. ಹುಡುಗರು ನನ್ನನ್ನು ಬಿಟ್ಟು ವಾಸುವಿನ ಕಡೆ ನೋಡುತ್ತಿದ್ದರು. ಆಗ ನನಗೆ ಅರ್ಥವಾಯಿತು. ಗದ್ದಲ ಬೇಡವೆಂದು ಮಾತ್ರ ಕೇಳಿದ್ದೆ. ಕೇಳಿದ ಪ್ರಶ್ನೆಗೆ ಉತ್ತರ ಕೊಡಬೇಕೆಂದು ಹೇಳುವುದು ನನಗೆ ಹೊಳೆದೇ ಇರಲಿಲ್ಲ. ತುಟಿ ಬಿಚ್ಚುವುದಿಲ್ಲವೆಂದು ಅವನು ಎಲ್ಲರಿಂದಲೂ ಮಾತು ತೆಗೆದುಕೊಂಡುಬಿಟ್ಟಿದ್ದ.

"ಮೂರು ತಿಂಗಳಲ್ಲಿ ಇವರಿಗೆ ಒಂದು ಶಬ್ದವೂ ಬಂದಿಲ್ಲವೆ?" ಎಂದರು ಸೂಪರಿಂಟೆಂಡೆಂಟರು.

ವಾಸುವನ್ನು ಎಬ್ಬಿಸಿ ಅದೇ ಪ್ರಶ್ನೆ ಕೇಳಿದೆ. ಅವನು ಬಾಯಿ ಬಿಗಿಹಿಡಿದು, ನೋಡಿದಿರಾ ಎಂಬಂತೆ ನನಗಷ್ಟೇ ತಿಳಿಯುವ ಹಾಗೆ ನಕ್ಕ. ಆದರೆ ಅದು ಸೂಪರಿಂಟೆಂಡೆಂಟರಿಗೂ ಕಂಡಿತು.

"ಆ ಹುಡುಗ ನಿಮ್ಮನ್ನು ನೋಡಿ ನಗುತ್ತಿದ್ದಾನೆ."

'ಇನ್ನು ಮಾತಾಡಬಹುದು' ಎಂದು ತರಗತಿಗೆ ಒಂದು ಮಾತು ಹೇಳಿದ್ದರೆ ಸಾಕಾಗಿತ್ತು. ಹಾಗೆ ಹೇಳಿದರೆ ಹುಡುಗರ ಕಾಲು ಹಿಡಿದು ಪಡೆದ ಶಿಸ್ತು ಇದೆಂದು ಗೊತ್ತಾಗುತ್ತದೆಂಬ ಭಯ. ಮೇಜಿನ ಮೇಲಿನ ಬೆತ್ತ ತೆಗೆದುಕೊಂಡೆ. ವಾಸು ಎರಡೂ ಕೈ ಚಾಚಿದ. ಮೊದಲ ಏಟಿಗೂ ಅವನ ಮುಖದಲ್ಲಿ ನಗುವಿತ್ತು. ಇದೂ ನಮ್ಮಿಬ್ಬರ ಒಪ್ಪಂದದ ಭಾಗವೆಂದುಕೊಂಡಿರಬೇಕು. ಎರಡನೆಯದಕ್ಕೆ ನಗು ಹೋಯಿತು. ನಾನು ನಿಲ್ಲಿಸಲಿಲ್ಲ.

"ಯಾರಿವನು?" ಎಂದು ಸೂಪರಿಂಟೆಂಡೆಂಟರು ಕೇಳಿದರು.

"ಮೊಂಡ ಹುಡುಗ, ಸಾರ್. ಯಾವಾಗಲೂ ಹೀಗೆಯೇ."

ಹಂಪಣ್ಣ ಎದ್ದೇಬಿಟ್ಟ. ಅವನು ಏನು ಹೇಳಲಿದ್ದನೆಂದು ನನಗೆ ಗೊತ್ತಿತ್ತು. ವಾಸು ಅವನತ್ತ ತಿರುಗಿ ಬೇಡವೆಂದು ತಲೆಯಾಡಿಸಿದ. ಹಂಪಣ್ಣ ಕೂತ. ಹಿತ್ತಲಿನಲ್ಲಿ ಕೊಟ್ಟ ಮಾತನ್ನು ಕೆಂಪಾದ ಅಂಗೈ ಮುಚ್ಚಿಕೊಂಡು ವಾಸು ಕೊನೆಯವರೆಗೂ ಉಳಿಸಿಕೊಂಡ.

ಉಳಿದ ಹೊತ್ತು ನಾನು ಹಲಗೆಯ ಮೇಲೆ ಬರೆದದ್ದನ್ನು ಹುಡುಗರು ಪಾಟಿಯಲ್ಲಿ ಇಳಿಸಿಕೊಂಡರು. ಸೂಪರಿಂಟೆಂಡೆಂಟರು ಬರೆದದ್ದು: ಬೋಧನೆ ಸಾಧಾರಣ, ತರಗತಿಯ ಹತೋಟಿ ಉತ್ತಮ. ತೇರ್ಗಡೆಯಾದೆ.

ಸಂಜೆ ಮನೆಯ ಮೆಟ್ಟಿಲಲ್ಲಿ ಎಂದಿನಂತೆ ವಾಸು ನೀರಿನ ಚೊಂಬು ತಂದಿಟ್ಟ. ಅತ್ತೆಯವರ ಕಣ್ಣು ಅವನ ಕೈಗೆ ಬಿತ್ತು.

"ಇದೇನಲೇ, ಅಂಗೈ ಹಿಂಗ ಬಾತಾವು?"

"ಬಾವಿ ಹಗ್ಗ ಜಾರಿತವ್ವ."

"ನೋಡಿ ಸೇದಬಾರ್ದಾ? ಭಾವನೋರು ಪಾಸಾಗ್ಯಾರಂತ, ಪಾಯಸ ಮಾಡೀನಿ. ಕೂಡ್ರಿ ಇಬ್ರೂ."

ಇಬ್ಬರೂ ಒಂದೇ ಪಂಕ್ತಿಯಲ್ಲಿ ಕೂತೆವು. ನಿಜ ಹೇಳಲು ಅಷ್ಟು ಹೊತ್ತೂ ನನಗೆ ಅವಕಾಶವಿತ್ತು. ಅವನು ಎಡಗೈಯನ್ನು ತೊಡೆಯ ಕೆಳಗೆ ಮುಚ್ಚಿಟ್ಟುಕೊಂಡು, ಬಾತ ಬಲಗೈಯಲ್ಲಿ ಪಾಯಸ ಉಂಡ. ನಾನೂ ಉಂಡೆ.

ಆಮೇಲೆ ಇನ್ನೂ ಎಂಟು ದಿನ ಪಾಠ ಹೇಳಿದೆ. ಚೊಂಬು ಬರಲಿಲ್ಲ, ಯಾರೂ ಗಾಳಿ ಬೀಸಲಿಲ್ಲ. ಕೇಳಿದರೆ ಉತ್ತರ, ಇಲ್ಲದಿದ್ದರೆ ಮೌನ. 'ಸದ್ದು' ಕಲಮಿನಲ್ಲಿ ಗೀಟು ಹಾಕುವ ಪ್ರಸಂಗವೇ ಬರಲಿಲ್ಲ. ಪಕ್ಕದ ಕೊಠಡಿಯ ಹೆಡ್ ಮಾಸ್ತರರು ಬಂದು, "ಈಗ ಮಾಸ್ತರ್ ಆದ್ರಿ ನೋಡ್ರಿ," ಎಂದು ಬೆನ್ನು ತಟ್ಟಿದರು. ಹುಡುಗರು ತಲೆ ತಗ್ಗಿಸಿ ಕೂತೇ ಇದ್ದರು.

ಹೊರಡುವ ಬೆಳಿಗ್ಗೆ ನನ್ನ ಟ್ರಂಕನ್ನು ವಾಸುವೇ ಬಂಡಿಗೆ ಇಟ್ಟ. "ಅವತ್ತು ನಾನು..." ಎಂದು ಶುರು ಮಾಡಿದೆ. ಅವನು ಟ್ರಂಕಿಗೆ ಹಗ್ಗ ಬಿಗಿಯುತ್ತ, "ಹೊತ್ತಾತು, ಹೊರಡ್ರಿ ಸಾರ್," ಎಂದ.

ಮರುವರ್ಷ ಅವನು ಇಂಗ್ಲಿಷ್ ಪರೀಕ್ಷೆಗೆ ಕೂರಲಿಲ್ಲ. ಶಾಲೆ ಬಿಟ್ಟು ಹಂಪಣ್ಣನ ತಂದೆಯ ಅಂಗಡಿಯಲ್ಲಿ ಲೆಕ್ಕ ಬರೆಯಲು ಸೇರಿದ. ಅವನು ಅದರ ತಪ್ಪನ್ನು ನನ್ನ ಮೇಲೆ ಹಾಕಿಲ್ಲ. ಮನೆಯಲ್ಲಿ ಬೇರೆ ಯಾರಿಗೂ ಕಾರಣ ಗೊತ್ತಿಲ್ಲ.

ಈಗ ನಾನು ಕುರುಗೋಡಿನ ಶಾಲೆಯಲ್ಲಿ ನಾಲ್ಕು ವರ್ಷದಿಂದ ಇಂಗ್ಲಿಷ್ ಹೇಳುತ್ತಿದ್ದೇನೆ. ತರಗತಿ ಗದ್ದಲವಾದಾಗ ಮೊದಲು ಆ ಗದ್ದಲದಲ್ಲಿ ಏನಿದೆಯೆಂದು ಕೇಳಿಸಿಕೊಳ್ಳುತ್ತೇನೆ. ಹುಡುಗರು ಚೇಷ್ಟೆ ಮಾಡುವಷ್ಟು ದಿನ ಅವರಿಗೆ ನನ್ನ ಮೇಲೆ ಸಲಿಗೆ ಇದೆ, ಅವರಿಗೆ ಭಾಷೆ ಕಲಿಸಲೂಬಹುದು ಎಂದು ಈ ಕೆಲಸ ನನಗೆ ಕಲಿಸಿದೆ. ಸುಮ್ಮನೆ ಕೂರಿಸುವುದು ಬೆತ್ತ ಇರುವ ಯಾರಿಗೂ ಸಾಧ್ಯ. ಹಾಗೆ ಸುಮ್ಮನಾದವರನ್ನು ಮತ್ತೆ ಮಾತಾಡಿಸುವುದು ನನಗೆ ಇನ್ನೂ ಗೊತ್ತಿಲ್ಲ.

ಹಬ್ಬಕ್ಕೆ ಸಿರುಗುಪ್ಪಕ್ಕೆ ಹೋದಾಗ ಕಾಲಿಗೆ ನೀರು ಕೊಡುವವನು ಈಗಲೂ ವಾಸುವೇ. ಚೊಂಬನ್ನು ಎರಡೂ ಕೈಯಲ್ಲಿ ಹಿಡಿದು, ಮರ್ಯಾದೆಯಿಂದ ಬಾಗಿ, "ತಗೊಳ್ರಿ ಸಾರ್," ಎನ್ನುತ್ತಾನೆ.