ಡಾ. ಗಂಗವ್ವ ಕುಂದಗೋಳ ಅವರು ಕುಡಿದ ಎರಡು ಲೋಟ ಪಾಯಸ

ದೂರದ ಹಳ್ಳಿಗಾಡಿನ ನ್ಯಾಯಾಲಯಗಳಿಗೆ ಟಿ.ವಿ. ಪರದೆಯ ಮೂಲಕವೇ ವ್ಯಸನ ಚಿಕಿತ್ಸೆಯನ್ನು ಒದಗಿಸಬಹುದೆಂದು ಮಿಶಿಗನ್ ರಾಜ್ಯದಲ್ಲಿ ಮೊದಮೊದಲು ನಂಬಿದ ಕೆಲವೇ ವೈದ್ಯರಲ್ಲಿ ಡಾ. ಗಂಗವ್ವ ಕುಂದಗೋಳ ಅವರೂ ಒಬ್ಬರು. ಮೊದಲಿಗರು ಎಂದೇ ಬರೆಯುವ ಆಸೆಯಿತ್ತು. ದಾಖಲೆ ಸಿಗದ ಕಾರಣ ‘ಒಬ್ಬರು’ ಎಂದು ಬರೆಯಲಾಗಿದೆ.

ನರಗುಂದದಲ್ಲಿ ಹುಟ್ಟಿ, ಹುಬ್ಬಳ್ಳಿಯಲ್ಲಿ ವೈದ್ಯಕೀಯ ಓದಿ, ೧೯೭೬ರಲ್ಲಿ ಶಿಕಾಗೋಗೆ ಬಂದು ಮನೋವೈದ್ಯರಾದ ಅವರು, ಹದಿಮೂರು ವರ್ಷಗಳ ನಂತರ ಮಿಶಿಗನ್‌ನ ಲಿವೋನಿಯಾದಲ್ಲಿ ಸ್ವಂತ ಕ್ಲಿನಿಕ್ ತೆರೆದರು. ೨೦೦೮ರ ಕೊನೆಗೆ ಕಾರ್ಖಾನೆಗಳು ಒಂದರ ಹಿಂದೊಂದು ಮುಚ್ಚಿದಾಗ, ಉತ್ತರದ ಜಿಲ್ಲೆಯೊಂದರ ಮಾದಕವಸ್ತು ನ್ಯಾಯಾಲಯದಿಂದ ಅವರಿಗೆ ಕರೆ ಬಂತು. ಸಿಕ್ಕಿಬಿದ್ದ ವ್ಯಸನಿಗಳನ್ನು ನೇರವಾಗಿ ಜೈಲಿಗೆ ಕಳಿಸದೆ, ವಾರವಾರವೂ ನ್ಯಾಯಾಧೀಶರ ಮುಂದೆ ನಿಲ್ಲಿಸಿ, ಮೂತ್ರ ಪರೀಕ್ಷೆ ಮಾಡಿಸಿ, ಚಿಕಿತ್ಸೆಯಲ್ಲಿ ಇರಿಸುವ ನ್ಯಾಯಾಲಯ ಅದು. ಆದರೆ ಚಿಕಿತ್ಸೆ ಕೊಡುವ ವೈದ್ಯರು ಅಲ್ಲಿ ಎಂಬತ್ತು ಮೈಲಿಯೊಳಗೆ ಒಬ್ಬರೂ ಇರಲಿಲ್ಲ.

ಗಂಗವ್ವನವರು ಒಪ್ಪಿಕೊಂಡರು. ನ್ಯಾಯಾಲಯದ ಹಿಂದಿನ ಕೋಣೆಯಲ್ಲಿ ರೋಗಿ, ಲಿವೋನಿಯಾದಲ್ಲಿ ಅವರು. ಪರದೆ ನೋಡಿ ಮಾತಾಡಿದರೆ ಆಚೆಯವರಿಗೆ ಡಾಕ್ಟರು ತಲೆ ತಗ್ಗಿಸಿಕೊಂಡಂತೆ ಕಾಣುತ್ತದೆಂದು ತಿಳಿದ ದಿನ, ತಮ್ಮ ಹಣೆಯ ಸ್ಟಿಕ್ಕರ್ ಬೊಟ್ಟನ್ನೇ ತೆಗೆದು ಕ್ಯಾಮೆರಾದ ಪಕ್ಕಕ್ಕೆ ಅಂಟಿಸಿ, ಅಂದಿನಿಂದ ಅದನ್ನೇ ನೋಡಿ ಮಾತಾಡಿದರು. ಆರು ತಿಂಗಳಿಗೊಮ್ಮೆ ಮಾತ್ರ ರೋಗಿ ಖುದ್ದಾಗಿ ಬರಬೇಕಿತ್ತು.

ಹಾಗೆ ಬಂದವರಲ್ಲಿ ಡೇಲ್ ಒಬ್ಬರು. ನಿಜವಾದ ಹೆಸರು ಇದಲ್ಲ. ಈ ಪ್ರಸಂಗವನ್ನು ಅವರ ಅನುಮತಿ ಪಡೆದೇ ಬರೆಯಲಾಗಿದೆ. ಬಿಡಿಭಾಗಗಳ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷ ದುಡಿದು, ಬೆನ್ನುನೋವಿನ ಮಾತ್ರೆಗೆ ದಾಸರಾಗಿ, ಕೆಲಸ ಹೋದ ಮೇಲೆ ಇನ್ನೂ ಕೆಳಗಿಳಿದಿದ್ದವರು ಚಿಕಿತ್ಸೆ ಹಿಡಿದು ಎಂಟು ತಿಂಗಳಾಗಿತ್ತು. ಇನ್ನೊಂದು ತಿಂಗಳು ಸರಿಯಾಗಿ ಕಳೆದರೆ, ತಂಗಿಯ ಮನೆಯಲ್ಲಿದ್ದ ಮಗಳು ಅವರ ಕೈಸೇರುವವಳಿದ್ದಳು.

೨೦೦೯ರ ದೀಪಾವಳಿಯ ಹಿಂದಿನ ದಿನ, ಶುಕ್ರವಾರ, ಅವರ ತಂಗಿ ನೂರಹತ್ತು ಮೈಲಿ ಡ್ರೈವ್ ಮಾಡಿ ಅವರನ್ನು ಕರೆತಂದರು. ಊಟವಿಲ್ಲದೆ ಕುಳಿತಿದ್ದ ಡೇಲ್‌ಗೆ ಕ್ಲಿನಿಕ್ಕಿನ ಸಹಾಯಕಿ ನಿರುಪಮಾ, ಹಬ್ಬಕ್ಕೆಂದು ಸಿಬ್ಬಂದಿಗೆ ತಂದಿದ್ದ ಗಸಗಸೆ ಪಾಯಸವನ್ನು ಕೊಟ್ಟರು. ಎರಡು ಲೋಟ. ಮರುದಿನ ಬೆಳಿಗ್ಗೆ ಊರಿನಲ್ಲಿ ಡೇಲ್‌ರನ್ನು ಪರೀಕ್ಷೆಗೆ ಕರೆದರು. ಮಂಗಳವಾರ ಫ್ಯಾಕ್ಸ್ ಬಂತು: ಮಾರ್ಫಿನ್, ಪಾಸಿಟಿವ್. ಗುರುವಾರ ವಿಚಾರಣೆ. ತಪ್ಪು ಖಚಿತವಾದರೆ ಅರವತ್ತು ದಿನ ಜೈಲು. ಅಲ್ಲಿ ಔಷಧಿಯಿಲ್ಲ, ಮಗಳ ಮಾತೂ ಅಲ್ಲಿಗೆ ಮುಗಿಯುತ್ತಿತ್ತು.

ನಿರುಪಮಾ ಕಮ್ಯುನಿಟಿ ಕಾಲೇಜಿನ ಸಂಜೆ ತರಗತಿಗಳಲ್ಲಿ ಓದಿ ಆ ಕೆಲಸಕ್ಕೆ ಬಂದವರು. ಫ್ಯಾಕ್ಸ್ ಓದುತ್ತಿದ್ದಂತೆ ಪಠ್ಯಪುಸ್ತಕದ ಒಂದು ಸಾಲು ನೆನಪಾಯಿತು: ಅಫೀಮು ಗಿಡದ ಬೀಜ ಹಾಕಿದ ಬ್ರೆಡ್ ತಿಂದರೂ ಪರೀಕ್ಷೆ ಪಾಸಿಟಿವ್ ಬರಬಹುದು. ಆ ಬೀಜವೇ ಗಸಗಸೆ. ಬಾಲ್ಯದಿಂದ ಅಡುಗೆಮನೆಯ ಡಬ್ಬಿಯಲ್ಲಿ ನೋಡಿದ ಪದಾರ್ಥವನ್ನು ಆ ಗಿಡದೊಂದಿಗೆ ಸೇರಿಸಿ ಯೋಚಿಸುವುದು ಅವರಿಗೆ ಅದುವರೆಗೆ ಹೊಳೆದೇ ಇರಲಿಲ್ಲ.

ಅವರ ಪತಿ ಶ್ಯಾಮ್ ಜೂನ್‌ನಲ್ಲಿ ಕೆಲಸ ಕಳೆದುಕೊಂಡಿದ್ದರು. ಮನೆ ನಡೆಯುತ್ತಿದ್ದುದು ನಿರುಪಮಾರ ಸಂಬಳದಿಂದ.

“ನೀನ್ಯಾಕೆ ಹೇಳಕ್ ಹೋಗ್ತೀಯ? ಲ್ಯಾಬ್‌ನವ್ರು ಕಂಡ್ಹಿಡೀತಾರೆ ಬಿಡು,” ಎಂದರು ಶ್ಯಾಮ್ ಆ ರಾತ್ರಿ.

“ಕಂಡ್ಹಿಡೀದೆ ಇದ್ರೆ?”

ಬುಧವಾರ ಬೆಳಿಗ್ಗೆ ನಿರುಪಮಾ ಡಾಕ್ಟರರ ಕೋಣೆಗೆ ಹೋಗಿ ನಿಂತರು.

“ಡಾಕ್ಟ್ರೇ, ಡೇಲ್ ಏನೂ ತೊಗೊಂಡಿಲ್ಲ. ನಾನೇ ಪಾಯಸ ಕೊಟ್ಟಿದ್ದು. ಗಸಗಸೇದು.”

ಗಂಗವ್ವನವರು ಕನ್ನಡಕ ತೆಗೆದಿಟ್ಟರು. “ಮೂವತ್ತೈದು ವರ್ಷ ಡಾಕ್ಟರಕಿ ಮಾಡೀನಿ. ಗಸಗಸಿ ಯಾವ ಗಿಡದ್ದಂತ ನನಗೂ ನೆನಪಾಗ್ಲಿಲ್ಲ ನೋಡು. ಆ ಡಬ್ಬಿ ಇನ್ನೂ ಐತೇನು?”

“ಇದೆ.”

“ಹಂಗಾರ ಮನಿಗೆ ಹೋಗಿ ಅದರಾಗಿಂದನ ಪಾಯಸ ಮಾಡ್ಕೊಂಡು ಬಾ. ಬೆಲ್ಲ ಕಡಿಮಿ ಹಾಕಬ್ಯಾಡ.”

“ನನ್ನ ಕೆಲಸ...”

“ಮೊದಲ ಪಾಯಸ ಮಾಡವ್ವಾ.”

ಆ ಮಧ್ಯಾಹ್ನ ಡಾಕ್ಟರು ಎರಡು ಲೋಟ ಪಾಯಸ ಕುಡಿದರು. ಮರುದಿನ ನಿರುಪಮಾರನ್ನೂ ಕೂರಿಸಿಕೊಂಡು ತಾವೇ ಡ್ರೈವ್ ಮಾಡಿ ಆ ಊರಿಗೆ ಹೋದರು. ಅರವತ್ತೊಂದು ವರ್ಷದ ಅವರು ಆರೋಪಿಗಳ ಸಾಲಿನಲ್ಲಿ ನಿಂತು, ಉಳಿದವರಂತೆಯೇ ಮಹಿಳಾ ಅಧಿಕಾರಿಯೊಬ್ಬರ ಕಣ್ಣೆದುರಿನಲ್ಲಿ, ಅಲ್ಲೇ ಫಲಿತಾಂಶ ತೋರಿಸುವ ಕಪ್ಪಿನಲ್ಲಿ ಮೂತ್ರ ಕೊಟ್ಟರು. ಪಾಸಿಟಿವ್. ಆ ಕಪ್ಪಿನ ವರದಿಯನ್ನು ನ್ಯಾಯಾಧೀಶರ ಮುಂದಿಟ್ಟರು.

ನ್ಯಾಯಾಧೀಶರು ಎರಡು ಬಾರಿ ಓದಿದರು. “ಡಾಕ್ಟರ್, ನಿಮ್ಮನ್ನೂ ಒಳಗೆ ಹಾಕಬೇಕೇ?”

“ಡೇಲ್‌ಗೂ ನನಗೂ ಒಂದೇ ನಿಯಮವಾದರೆ ಹಾಕಿ. ಜೊತೆಗೆ ಹೋಗುತ್ತೇವೆ.”

ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಸರ್ಕಾರಿ ವಕೀಲರು ನಗಲಿಲ್ಲ. ಚಿಕಿತ್ಸೆಗೆಂದು ಹೋದ ರೋಗಿಗೆ ಅದನ್ನು ಕೊಟ್ಟವರು ಯಾರೆಂದು ಕೇಳಿದರು. ಬಾಗಿಲ ಬಳಿ ಕುಳಿತಿದ್ದ ನಿರುಪಮಾ ಅರ್ಧ ಎದ್ದಿದ್ದರು.

“ನನ್ನ ಕ್ಲಿನಿಕ್ ಕೊಟ್ಟಿತು. ಬಾಗಿಲ ಮೇಲಿರುವ ಹೆಸರು ನನ್ನದು,” ಎಂದರು ಗಂಗವ್ವನವರು. ವಕೀಲರು ಮತ್ತೆ ಕೇಳಿದಾಗಲೂ ಅದೇ ಉತ್ತರ ಕೊಟ್ಟರು.

ಡೇಲ್ ಮನೆಗೆ ಹೋದರು. ವಾರದ ನಂತರ ದೊಡ್ಡ ಪ್ರಯೋಗಾಲಯದ ವರದಿಯೂ ಬೀಜದ ಕಡೆಗೇ ವಾಲಿತು; ಪ್ರಕರಣ ಕೈಬಿಟ್ಟರು. ನವೆಂಬರ್‌ನಲ್ಲಿ ಮಗಳು ಅಪ್ಪನ ಮನೆಗೆ ಬಂದಳು. ಆದರೆ ಅದೇ ತಿಂಗಳು ಅವರಿಂದಲೇ ಚಿಕಿತ್ಸೆ ಪಡೆಯುತ್ತಿದ್ದ ಪಕ್ಕದ ಇನ್ನೊಂದು ಜಿಲ್ಲೆ, ರೋಗಿಗಳಿಗೆ ಇಂಥದ್ದನ್ನು ಉಣಿಸುವ ಕ್ಲಿನಿಕ್ ತಮಗೆ ಬೇಡವೆಂದು ಒಪ್ಪಂದ ನಿಲ್ಲಿಸಿತು. ಆ ಪತ್ರವನ್ನು ಕಡತದಲ್ಲಿ ಸೇರಿಸಿದವರು ನಿರುಪಮಾರೇ. ಡಾಕ್ಟರು ಅದರ ಬಗ್ಗೆ ಒಂದು ಮಾತೂ ಎತ್ತಲಿಲ್ಲ. ಹೊಸ ರೋಗಿಗಳ ಅರ್ಜಿಯಲ್ಲಿ ಗಸಗಸೆಯ ಬಗ್ಗೆ ಒಂದು ಪ್ರಶ್ನೆ ಸೇರಿಸಿದರು, ಅಷ್ಟೇ. ನಿರುಪಮಾ ಇನ್ನೂ ಒಂಬತ್ತು ವರ್ಷ ಅಲ್ಲಿಯೇ ದುಡಿದರು.

ಈ ಜೂನ್‌ನಲ್ಲಿ ಗಂಗವ್ವನವರು ಕ್ಲಿನಿಕ್ಕನ್ನು ಕಿರಿಯರಿಗೆ ಒಪ್ಪಿಸುತ್ತಿದ್ದಾರೆ. ಆ ನ್ಯಾಯಾಲಯದ ರೋಗಿಗಳನ್ನು ನೋಡುವ ಗುರುವಾರಗಳನ್ನು ಮಾತ್ರ ಬಿಟ್ಟುಕೊಟ್ಟಿಲ್ಲ. ಫಾರ್ಮಿಂಗ್ಟನ್ ಹಿಲ್ಸ್‌ನ ಮನೆಯ ಕ್ಯಾಮೆರಾದ ಪಕ್ಕದಲ್ಲೂ ಈಗ ಒಂದು ಬೊಟ್ಟಿದೆಯಂತೆ. ಅದನ್ನು ನೋಡಿ ಅವರು ಇನ್ನೂ ಬಹುಕಾಲ ಮಾತಾಡುವಂತಾಗಲಿ, ಆರೋಗ್ಯ ಅವರ ಜೊತೆಗಿರಲಿ ಎಂದು ಹಾರೈಸೋಣ.

ಅಭಿನಂದನೆಯ ಊಟಕ್ಕೆ ಡೇಲ್ ಮಗಳೊಂದಿಗೆ ಬರುತ್ತಿದ್ದಾರೆ. ಪಾಯಸ ಇರುತ್ತದೆಯೇ ಎಂದು ಫೋನಿನಲ್ಲಿ ಕೇಳಿದ್ದಾರೆ; ಇರುತ್ತದೆ. ಕೊಟ್ಟವರು ಯಾರು ಎಂಬ ವಕೀಲರ ಪ್ರಶ್ನೆಗೆ ಉತ್ತರ ನ್ಯಾಯಾಲಯದ ಕಡತದಲ್ಲಿ ಇಂದಿಗೂ ಇಲ್ಲ. ಅದು ಈ ಪುಟದಲ್ಲಾದರೂ ಇರಲೆಂದು ನಿರುಪಮಾರೇ ತಮ್ಮ ಹೆಸರನ್ನು ಬರೆಸಿದ್ದಾರೆ.