ಗಾಡಿ ಮಾಮನ ಕೈಗುಣ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಸ್ಪತ್ರೆಯ ಎರಡನೇ ಮಹಡಿಯಲ್ಲಿ, ಲಿಫ್ಟಿನ ಪಕ್ಕ, ಸ್ಟ್ರೆಚರ್ ಗಾಡಿಯೊಂದರ ಕೆಳಗಿನಿಂದ ಎರಡು ಕಾಲುಗಳು ಮಾತ್ರ ಹೊರಗೆ ಕಾಣುತ್ತಿವೆ. ಗಾಡಿಯಡಿ ಅಂಗಾತ ಮಲಗಿ ಚಕ್ರಕ್ಕೆ ಎಣ್ಣೆ ಬಿಡುತ್ತಿರುವವರು ಗಾಡಿ ಮಾಮ.

"ಮಾಮ, ಮಲಗೋದು ಮೇಲೆ, ಕೆಳಗಲ್ಲ," ಎನ್ನುತ್ತಾರೆ ರಾತ್ರಿಪಾಳಿ ಮುಗಿಸಿ ಹೊರಟ ಸಿಸ್ಟರ್.

"ಮೇಲೆ ಮಲಗೋ ದಿನ ಬಂದಾಗ ಹೇಳಿ ಕಳಿಸ್ತೀನಿ ತಾಯಿ. ಮೆತ್ತಗೆ ತಳ್ಳು ಆವಾಗ."

ಸಿಸ್ಟರ್ ನಗುತ್ತಾರೆ. ಎರಡು ಹೆಜ್ಜೆ ಹೋದವರು ತಿರುಗಿ ನಿಂತು, ದನಿ ತಗ್ಗಿಸಿ, "ಅತ್ತೆ ಹೇಗಿದ್ದಾರೆ?" ಎಂದು ಕೇಳುತ್ತಾರೆ. ಗಾಡಿಯ ಕೆಳಗಿನಿಂದ ಒಂದೇ ಮಾತು ಬರುತ್ತದೆ: "ಇದಾಳೆ." ಅತ್ತೆ ಎಂದರೆ ಮಾಮನ ಹೆಂಡತಿ. ಅವರನ್ನು ಹೋದ ತಿಂಗಳು ಇದೇ ಗಾಡಿಯ ಮೇಲೆ ಇದೇ ಆಸ್ಪತ್ರೆಯ ಆಪರೇಷನ್ ಥಿಯೇಟರಿಗೆ ಕರೆದೊಯ್ದಿದ್ದರು. ಆ ಕಥೆಗೆ ಆಮೇಲೆ ಬರೋಣ, ಮೊದಲು ಕೆಲಸ ನೋಡೋಣ.

ಇಪ್ಪತ್ತು ವರ್ಷಕ್ಕೂ ಮೇಲಾಯಿತು ಮಾಮ ಈ ಕೆಲಸಕ್ಕೆ ಸೇರಿ. ವಾರ್ಡಿನಿಂದ ಥಿಯೇಟರಿಗೆ, ಥಿಯೇಟರಿನಿಂದ ವಾರ್ಡಿಗೆ. ದಿನಕ್ಕೆ ಹತ್ತು ಹನ್ನೆರಡು ಜನ, ಅಪಘಾತಗಳ ದಿನವಾದರೆ ಲೆಕ್ಕವಿಲ್ಲ. ಗಾಡಿಯ ಮುಂದಿನ ಎಡಚಕ್ರ ತವರಿಗೆ ಹೊರಟ ಸೊಸೆಯ ಹಾಗೆ ಸದಾ ಒಂದೇ ಕಡೆಗೆ ಎಳೆಯುತ್ತದೆ. ಅದನ್ನು ಸೊಂಟದಲ್ಲೇ ಸರಿಮಾಡಿಕೊಂಡು ನಡೆಯುವುದರಿಂದ ಮಾಮನ ನಡಿಗೆಯೇ ಒಂದು ಕಡೆಗೆ ವಾಲಿಬಿಟ್ಟಿದೆ. ಲಿಫ್ಟಿನ ಹೊಸ್ತಿಲಲ್ಲಿ ಗಾಡಿ ಕುಲುಕದ ಹಾಗೆ ಎತ್ತಿ ಇಳಿಸುತ್ತಾರೆ. ಹೊಲಿಗೆ ಹಾಕಿಸಿಕೊಂಡವರಿಗೆ ಆ ಒಂದು ಕುಲುಕು ಪ್ರಾಣ ಹೋದ ಹಾಗಾಗುತ್ತದಂತೆ.

ಗಾಡಿ ತಳ್ಳುವವನು ನಿಲ್ಲುವುದು ರೋಗಿಯ ತಲೆಯ ಕಡೆ. ಮಲಗಿದವರ ಕಣ್ಣಿಗೆ ಕಾಣುವುದು ಮೇಲಿನ ದೀಪಗಳು ಮತ್ತು ತಲೆಕೆಳಗಾದ ಅವನ ಮುಖ. ಹೆದರಿದವರು ಆ ಮುಖವನ್ನು ನೋಡಿಕೊಂಡೇ ದೇವರನ್ನು ಕರೆಯುತ್ತಾರೆ. "ಎಲ್ಲ ಕೇಳಿಸುತ್ತೆ," ಎನ್ನುತ್ತಾರೆ ಮಾಮ. "ಕೋರ್ಟು ಮೆಟ್ಟಿಲು ಹತ್ತಿದ ಅಣ್ಣತಮ್ಮಂದಿರು, ಇನ್ಮೇಲೆ ಅವನ ಹತ್ರ ಮಾತಾಡ್ತೀನಿ ಅಂತಾರೆ. ಸಿಗರೇಟು ಬಿಡ್ತೀನಿ ಅಂತಾರೆ. ಒಬ್ಬರು ತಮ್ಮ ಅತ್ತೇನ ಚೆನ್ನಾಗಿ ನೋಡ್ಕೋತೀನಿ ಅಂದ್ರು, ವಾಪಸ್ ಬಂದ್ಮೇಲೆ 'ಯಾರಿಗೂ ಹೇಳ್ಬೇಡಿ ಅಣ್ಣಾ' ಅಂದ್ರು!"

ಇವತ್ತಿನ ಮೊದಲ ರೋಗಿ ಪಿತ್ತಕೋಶದ ಕಲ್ಲಿನ ಹಿರಿಯರು. ಅವರ ಸೊಸೆ ಮಾಮನನ್ನು ಹುಡುಕಿಕೊಂಡೇ ಬಂದಿದ್ದಾಳೆ. "ಗಾಡಿ ಮಾಮ ಅಂದ್ರೆ ನೀವೇನಾ? ನಮ್ಮ ಪಕ್ಕದ ಮನೆಯವರು ನಿಮ್ಮ ಕೈಯಲ್ಲೇ ಹೋಗ್ಲಿ ಅಂದ್ರು. ಸ್ವಲ್ಪ ಬೇಡ್ಕೊಳ್ಳಿ ಮಾಮ, ನಮ್ಮ ಮಾವನವರಿಗೆ."

"ಆಗ್ಲಮ್ಮ."

ಗಾಡಿ ಹೊರಡುತ್ತದೆ. ಮಾಮನ ತುಟಿ ಅಲುಗತೊಡಗುತ್ತದೆ. ಅದನ್ನು ಕಂಡು ಸೊಸೆಯ ಮುಖ ಹಗುರಾಗುತ್ತದೆ, ಹಿರಿಯರು ಕಣ್ಣು ಮುಚ್ಚುತ್ತಾರೆ. ಮಾಮ ಬೇಡಿಕೊಂಡರೆ ಹೋದವರು ಮರಳಿ ಬರುತ್ತಾರೆ, ಅವರ ಕೈಗುಣ ಅಂಥದ್ದು ಎಂದು ಇಡೀ ಆಸ್ಪತ್ರೆ ನಂಬಿದೆ.

ಅಯ್ಯೋ, ಆ ತುಟಿಗಳ ಮೇಲೆ ಇರುವುದಾದರೂ ಏನು? ಹತ್ತೊಂಬತ್ತರ ಮಗ್ಗಿ!

"ಹತ್ತೊಂಬತ್ತು ಒಂದ್ಲೆ ಹತ್ತೊಂಬತ್ತು, ಹತ್ತೊಂಬತ್ತೆರಡ್ಲೆ ಮೂವತ್ತೆಂಟು... ಹಿಂಗೇ ಹೇಳ್ಕೊಂಡು ಹೋಗ್ತೀನಿ, ಥಿಯೇಟರ್ ಬಾಗಿಲು ಬರೋವರೆಗೆ," ಎಂದು ಟೀ ಲೋಟ ಹಿಡಿದು ಮೆಟ್ಟಿಲ ಮೇಲೆ ಕೂತಾಗ ಒಪ್ಪಿಕೊಳ್ಳುತ್ತಾರೆ. "ಬೇಡ್ಕೋಬಾರದು ಅಂತಾನೇ ಮಗ್ಗಿ ಹೇಳೋದು. ನಾನು ಬೇಡ್ಕೊಂಡ್ರೆ ಉಳಿಯಲ್ಲ. ನಗು ಬರುತ್ತಾ? ಬರ್ಲಿ, ನಕ್ಕುಬಿಡಿ."

ನಗು ಬರುವುದಿಲ್ಲ. ಮಾಮನಿಗೆ ಒಬ್ಬಳೇ ಮಗಳಿದ್ದಳು. ಹೊಟ್ಟೆನೋವೆಂದು ಶಾಲೆಯಿಂದ ಬೇಗ ಬಂದವಳನ್ನು ಮಾರನೆಯ ಬೆಳಿಗ್ಗೆ ಇದೇ ಥಿಯೇಟರಿಗೆ ತಳ್ಳಿಕೊಂಡು ಬಂದವರು ಅಪ್ಪನೇ. "ಅವತ್ತು ಬೇಡ್ಕೊಂಡಷ್ಟು ಯಾವತ್ತೂ ಬೇಡ್ಕೊಂಡಿಲ್ಲ. ನನ್ನ ಕಣ್ಣು ತಗೋ, ಕಾಲು ತಗೋ ಅಂದೆ. ಏನೂ ತಗೊಳ್ಳಲಿಲ್ಲ, ಅವಳನ್ನೇ ತಗೊಂಡ." ವರ್ಷ ಕಳೆದು, ಜೊತೆಗೆ ಕೆಲಸ ಮಾಡುತ್ತಿದ್ದ ಕಾವಲುಗಾರ ಎದೆ ಹಿಡಿದುಕೊಂಡು ಬಿದ್ದಾಗ, ಗೆಳೆಯನಲ್ಲವೇ ಎಂದು ಮತ್ತೊಮ್ಮೆ ಬೇಡಿದರು. ಅವನೂ ಬಾಗಿಲಿನಾಚೆಗೆ ಹೋದವನು ಬರಲಿಲ್ಲ. ಮಾಮ ಅಂದೇ ತೀರ್ಮಾನಿಸಿಬಿಟ್ಟರು: ಮೇಲೆ ಕೇಳುವವನು ಇದ್ದಾನೋ ಇಲ್ಲವೋ ಗೊತ್ತಿಲ್ಲ, ಇದ್ದರೆ ತನ್ನ ದನಿ ಕಂಡರೆ ಅವನಿಗೆ ಆಗುವುದಿಲ್ಲ.

ಆದರೆ ಹೇಳಿದ ಮಾತನ್ನು ಮನಸ್ಸು ಕೇಳಬೇಕಲ್ಲ. ಗಾಡಿಯ ಮೇಲೆ ಮಗುವೊಂದು ಮಲಗಿದ್ದರೆ ಬೇಡಿಕೆ ತಾನಾಗಿಯೇ ಗಂಟಲಿಗೆ ಬರುತ್ತದೆ. ಅದನ್ನು ತಡೆಯಲು ಕಂಡುಕೊಂಡ ಉಪಾಯ ಮಗ್ಗಿ. "ಎರಡರದ್ದು, ಐದರದ್ದು ಆಗಲ್ಲ. ಅವು ಬಾಯಿಗೆ ಬಂದುಬಿಡ್ತವೆ, ಒಳಗೆ ಜಾಗ ಉಳ್ಕೊಂಡುಬಿಡುತ್ತೆ. ಮುಂಚೆ ಹದಿನೇಳು ಹೇಳ್ತಿದ್ದೆ. ಗಮನ ಅತ್ತಿತ್ತ ಹೋದ್ರೆ ಲೆಕ್ಕ ತಪ್ಪುತ್ತೆ."

ಕೈಗುಣದ ಗುಟ್ಟನ್ನೂ ಅವರೇ ಬಿಡಿಸುತ್ತಾರೆ. "ಕಾಗೆ ಕೂತಿದ್ದಕ್ಕೂ ಕೊಂಬೆ ಮುರಿದಿದ್ದಕ್ಕೂ ಸರಿಹೋಯ್ತು. ಉಳಿದೋರ ಮನೆಯವರು ಸ್ವೀಟು ತಗೊಂಡು ನನ್ನ ಹುಡುಕ್ಕೊಂಡು ಬರ್ತಾರೆ. ಹೋದೋರ ಮನೆಯವರು ಈ ಕಡೆ ತಲೆ ಹಾಕಲ್ಲ. ಹಂಗೇ ಬೆಳೀತು ನನ್ನ ಹೆಸರು." ಇಷ್ಟು ತಿಳಿದ ಮನುಷ್ಯನಿಗೆ ತನ್ನ ಬೇಡಿಕೆಯಿಂದ ಯಾರೂ ಸಾಯುವುದಿಲ್ಲವೆಂದು ತಿಳಿಯದೇ? ತಿಳಿಯುತ್ತದೆ. "ತಲೆಗೆ ತಿಳಿಯುತ್ತೆ," ಎಂದು ಎದೆಯ ಮೇಲೆ ಕೈಯಿಡುತ್ತಾರೆ.

ಮನೆಯಲ್ಲಿ ಹೆಂಡತಿ ದಿನವೂ ದೇವರ ಮುಂದೆ ಕಣ್ಣು ಮುಚ್ಚಿ ಕೂರುತ್ತಿದ್ದರು. ಅವರು ಕೂತರೆ ಇವರು ಚಪ್ಪಲಿ ಮೆಟ್ಟಿ ಹೊರಗೆ. ಅದಕ್ಕೆ ಒಂದು ಮಾತೂ ಆಡಿದವರಲ್ಲ ಆಕೆ. ಮನೆಯಲ್ಲೇ ಕೂತು ಅಕ್ಕಪಕ್ಕದವರ ಬಟ್ಟೆ ಹೊಲಿಯುತ್ತಿದ್ದ ಆಕೆಗೆ ಹೊಟ್ಟೆಯಲ್ಲಿ ಗಡ್ಡೆ ಎಂದು ಗೊತ್ತಾಗಿ, ಆಪರೇಷನ್ನಿನ ದಿನ ಬಂತು. ಬೇರೆ ಯಾರಾದರೂ ತಳ್ಳಲಿ ಎಂದು ಮಾಮ ಸಿಸ್ಟರ್ ಕೈಕಾಲು ಹಿಡಿಯುವುದೊಂದು ಬಾಕಿ. ಹೆಂಡತಿ ಕೇಳಬೇಕಲ್ಲ? "ಊರೋರನ್ನೆಲ್ಲ ತಳ್ತೀರಿ, ನಾನೇನು ಭಾರಾನಾ?" ಎಂದರಂತೆ.

ತಳ್ಳಿದರು. ಹದಿನೇಳರ ಮಗ್ಗಿಯನ್ನು ವಾರ್ಡಿನ ಬಾಗಿಲಿನಿಂದಲೇ ಬಿಗಿಹಿಡಿದರು. ಲಿಫ್ಟು ದಾಟಿತು. ಥಿಯೇಟರಿನ ಬಾಗಿಲು ನಾಲ್ಕು ಮಾರು ಇರುವಾಗ, ಮಲಗಿದ್ದಾಕೆ ಕೈಯನ್ನು ತಲೆಯ ಹಿಂದಕ್ಕೆ ಚಾಚಿ ಗಂಡನ ಮಣಿಕಟ್ಟು ಹಿಡಿದುಕೊಂಡರು.

"ಹದಿನೇಳು ಎಂಟ್ಲೆ... ಬರಲೇ ಇಲ್ಲ. ಏನು ಮಾಡಿದ್ರೂ ಬರಲಿಲ್ಲ. ಅದರ ಬದಲು, 'ಇವಳನ್ನಾದ್ರೂ ಬಿಟ್ಟುಬಿಡಪ್ಪಾ' ಅಂತ ಬಾಯಿಂದ ಜೋರಾಗಿ ಬಂದುಬಿಡ್ತು. ಹಿಡ್ಕೊಳ್ಳೋಕೆ ಹೋದೆ, ಆಗಲಿಲ್ಲ. ಅಷ್ಟರಲ್ಲಿ ಬಾಗಿಲು ತೆಗೆದ್ರು, ಒಳಗೆ ಕರ್ಕೊಂಡು ಹೋದ್ರು."

ಮಧ್ಯಾಹ್ನದವರೆಗೆ ಆಗಬೇಕಿದ್ದ ಆಪರೇಷನ್ ಒಂದು ಟೀ ಕುಡಿಯುವಷ್ಟರಲ್ಲಿ ಮುಗಿಯಿತು. "ಬೇಗ ಮುಗೀತು ಅಂತ ಜನ ಖುಷಿ ಪಡ್ತಾರೆ. ಬೇಗ ಮುಗಿದ್ರೆ ಏನು ಅಂತ ನಂಗೆ ಗೊತ್ತು," ಎನ್ನುವಾಗ ಮಾಮನ ಕೈಯಲ್ಲಿನ ಟೀ ಆರಿಹೋಗಿದೆ. ಗಡ್ಡೆ ಎಲ್ಲ ಕಡೆ ಹಬ್ಬಿತ್ತು. ತೆರೆದರು, ನೋಡಿದರು, ಮತ್ತೆ ಹೊಲಿದರು. ಎಷ್ಟೋ ತಿಂಗಳ ಹಿಂದೆಯೇ ಹಬ್ಬಿದ್ದು ಅದು ಎಂದು ಡಾಕ್ಟರು ಭುಜ ಹಿಡಿದು ಹೇಳಿದರೂ, ಎಲ್ಲ ತನ್ನ ಬಾಯಿಂದಲೇ ಆಯಿತೆಂಬ ಹುಳು ಮಾಮನ ಒಳಗೆ ಕೊರೆಯುತ್ತಲೇ ಇದೆ. ಹದಿನೇಳು ಈಗ ಎಂಟಕ್ಕೆ ಬಂದು ನಿಂತುಬಿಡುತ್ತದೆ. ಅದಕ್ಕೇ ಹತ್ತೊಂಬತ್ತು.

ಸಂಜೆ ಪಾಳಿ ಮುಗಿಸಿ ಮಾಮ ಮನೆಗೆ ಹೋಗುವುದು ಓಡುನಡಿಗೆಯಲ್ಲಿ. ಒಂದೇ ಕೋಣೆಯ ಮನೆ. ಹೊಲಿಗೆ ಯಂತ್ರದ ಮೇಲೆ ಮಾತ್ರೆಗಳು, ಮಡಚಿದ ಟವೆಲುಗಳು. ಕಿಟಕಿ ಪಕ್ಕದ ಮಂಚದಲ್ಲಿ ದಿಂಬಿಗೆ ಒರಗಿ ಕೂತಾಕೆ, ಮಾಮನ ಜೊತೆ ಬಂದ ನಮಗೆ ಟೀ ಮಾಡಿಕೊಡಲಾಗುವುದಿಲ್ಲವೆಂದು ಮೂರು ಸಲ ಪೇಚಾಡಿಕೊಳ್ಳುತ್ತಾರೆ. ಮಾಮ ಹಿಂದೆ ಕೂತು ಅವರ ತಲೆ ಬಾಚತೊಡಗುತ್ತಾರೆ. ಮೂವತ್ತು ವರ್ಷ ಗಾಡಿ ಹಿಡಿದ ಹಾಗೆ ಹಿಡಿಯುತ್ತಾರೆ ಜಡೆ ಎಂದು ಆಕೆ ಗೇಲಿ ಮಾಡುತ್ತಾರೆ. "ಇಪ್ಪತ್ತೇ ಕಣೇ," ಎನ್ನುತ್ತಾರೆ ಮಾಮ.

ಪ್ರಾರ್ಥನೆಯ ಮಾತು ಬರುತ್ತದೆ. ಇಷ್ಟು ವರ್ಷ ಕೈಮುಗಿದರೂ ಹೀಗಾಯಿತಲ್ಲ, ಕೇಳುವವರು ಯಾರಾದರೂ ಇದ್ದಾರೆ ಅನ್ನಿಸುತ್ತದೆಯೇ ಎಂದು ಆಕೆಯನ್ನು ಕೇಳುತ್ತೇವೆ.

"ಇದಾರೆ," ಎನ್ನುತ್ತಾರೆ ಆಕೆ, ತಟ್ಟನೆ. "ನಾನು ಕೇಳಿದ್ದು ಆಗಿದೆಯಲ್ಲ."

ಬಾಚಣಿಗೆ ನಿಲ್ಲುತ್ತದೆ.

"ಮಗಳು ಹೋದಾಗಿಂದ ನಾನು ಕೇಳಿದ್ದು ಒಂದೇ. ಇವರ ಕೋಪ ಇಳೀಲಿ, ಬಾಯಿಬಿಟ್ಟು ಒಂದ್ಸಲ ದೇವರನ್ನ ಕರೀಲಿ ಅಂತ. ಒಳಗೊಳಗೇ ಇಟ್ಕೊಂಡು ಒಣಗಿಹೋಗ್ತಿದ್ರು ಇವರು. ನಂಗೆ ಏನಾದ್ರೂ ಆದ್ರೆ ಇವರು ಯಾರ ಹತ್ರ ಹೇಳ್ಕೋತಾರೆ ಹೇಳಿ? ಅವತ್ತು ಥಿಯೇಟರ್ ಬಾಗಿಲಲ್ಲಿ ಕರೆದ್ರಲ್ಲ, ಕಿವಿಯಾರೆ ಕೇಳಿಸ್ಕೊಂಡೆ. ಸೂಜಿ ಹಾಕೋಕೆ ಮುಂಚೆನೇ ನಂಗೆ ನಿದ್ದೆ ಬಂತು."

ಮಾಮ ಕೂದಲನ್ನು ಮೂರು ಎಳೆ ಮಾಡಿಕೊಂಡು ಜಡೆ ಹೆಣೆಯತೊಡಗುತ್ತಾರೆ. ಕಣ್ಣು ಒರೆಸಿಕೊಳ್ಳೋಣವೆಂದರೆ ಎರಡು ಕೈಯೂ ಖಾಲಿಯಿಲ್ಲ.

"ನೋಡಿ ಇವಳನ್ನ," ಎನ್ನುತ್ತಾರೆ, ಹೆಂಡತಿಯ ತಲೆಯ ಹಿಂದಿನಿಂದ. "ಕೇಳೋದು ಕೇಳಿದ್ಲು, ತನ್ನ ಜೀವ ಕೇಳ್ಕೋಬಾರದಿತ್ತಾ?"