ಕೆಂಪು ಗೆರೆ ಬಿದ್ದ ಸಾಲು

ನನ್ನ ರೆಸ್ಯೂಮಿನ ಮೊದಲ ಪ್ರತಿ ಇನ್ನೂ ನನ್ನ ಹತ್ತಿರವಿದೆ. ಅದರ ಒಂದು ಸಾಲಿನ ಮೇಲೆ ಕೆಂಪು ಗೆರೆ ಎಳೆದಿದೆ. ಎಳೆದವಳು ರಾಯಚೂರಿನ ಬಾಡಿಗೆ ಕೋಣೆಯಲ್ಲಿ ನನ್ನ ಜೊತೆಗಿದ್ದ ಗೆಳತಿ. ನಾನು ದೇವದುರ್ಗದವಳು, ಅವಳು ಮಾನ್ವಿಯವಳು. ಒಂದೇ ತಟ್ಟೆಯಲ್ಲಿ ಉಂಡವರು.

ರಾಯಚೂರಿಗೆ ಬರುವ ಮೊದಲು ನಾನು ಎರಡು ವರ್ಷ ಪೋತ್ನಾಳದ ಚಿಕ್ಕಮ್ಮನ ಮನೆಯಲ್ಲಿದ್ದೆ. ತಾಯಂದಿರು ಭತ್ತದ ನಾಟಿಗೆ ಹೋದಾಗ ಅವರ ಮಕ್ಕಳನ್ನು ಗುಡಿಯ ಪಡಸಾಲೆಯಲ್ಲಿ ಕೂಡಿಸಿ ಅಕ್ಷರ ಕಲಿಸುತ್ತಿದ್ದೆ. ಹುಡುಗಿಯರು ಕಂಕುಳಲ್ಲಿ ತಮ್ಮನನ್ನೋ ತಂಗಿಯನ್ನೋ ಹೊತ್ತೇ ಬರುವರು, ಕೂಸು ಅತ್ತರೆ ಪಾಠ ಬಿಟ್ಟು ಎದ್ದು ಹೋಗುವರು. ಕೊನೆಗೆ ಚಿಕ್ಕಮ್ಮನ ಹಳೇ ಸೀರೆಗಳಿಂದ ಕಂಬಗಳ ನಡುವೆ ಎರಡು ಜೋಲಿ ಕಟ್ಟಿದೆ. ಆಮೇಲೆ ಯಾರೂ ಎದ್ದು ಹೋಗಲಿಲ್ಲ.

ಕೂಲಿಯವರ ಮಕ್ಕಳಿಗಾಗಿ ಶಾಲೆ ನಡೆಸುವ ಒಂದು ಸಂಸ್ಥೆಗೆ ಶಿಕ್ಷಕಿ ಬೇಕಾಗಿದ್ದಳು. ಇದು ನನ್ನದೇ ಕೆಲಸ ಎಂದು ಹಿಗ್ಗಿ, ಜೋಲಿಯ ಸಮೇತ ಎಲ್ಲವನ್ನೂ ಬರೆದೆ. ಗೆಳತಿ ಓದಿ ಮೂಗು ಮುರಿದು, ಪೋತ್ನಾಳದ ಜೋಲಿಯ ಸಾಲಿನ ಮೇಲೆ ಕೆಂಪು ಗೆರೆ ಎಳೆದಳು. ಇಂಗ್ಲಿಷ್ ಬಲ್ಲವಳು, ನಾಲ್ಕಾರು ಸಂದರ್ಶನ ಕಂಡವಳು. ತಾನೇ ಕೂತು ಎರಡನೆಯ ಪ್ರತಿ ತಯಾರಿಸಿ, ಎರಡನ್ನೂ ಚಾಪೆಯ ಮೇಲೆ ಅಕ್ಕಪಕ್ಕ ಹರಡಿದಳು. ಅವಳದರಲ್ಲಿ ನನ್ನ ಕಂಪ್ಯೂಟರ್ ಕೋರ್ಸು ಮೇಲಕ್ಕೇರಿತ್ತು. ಪೋತ್ನಾಳ ಇರಲೇ ಇಲ್ಲ. ಅದೇ ಮುಖ್ಯವಲ್ಲವೇ ಎಂದು ಕೇಳಿದೆ.

“ಗುಡಿ, ಜೋಲಿ ಅಂತ ಬರದ್ರ ಕೂಸು ನೋಡೋ ಆಯಾ ಕೆಲಸಕ್ಕ ತಗೋತಾರ ನೋಡು,” ಎಂದಳು. “ಅದನ್ನ ಅಲ್ಲಿ ಹೋಗಿ ಬಾಯಿಲೆ ಹೇಳು.”

ನಂಬಿದೆ. ನೋಡಲು ಎರಡನೆಯದು ನಿಜಕ್ಕೂ ಅಂದವಾಗಿತ್ತು, ಸುಳ್ಳೇಕೆ ಹೇಳಲಿ.

ಸಂದರ್ಶನದಲ್ಲಿ ಮೇಜಿನಾಚೆಯ ಹಿರಿಯರು ಪೋತ್ನಾಳದ ಮಾತು ಕೇಳಿ ನನ್ನನ್ನು ಒಂಥರಾ ನೋಡಿದರು. ನಿಮ್ಮ ವಿಳಾಸದಿಂದಲೇ ಇನ್ನೊಬ್ಬರು ಅರ್ಜಿ ಹಾಕಿದ್ದಾರೆ, ಅಲ್ಲಿ ಎರಡು ವರ್ಷ ಕಲಿಸಿದವರು ಅವರಲ್ಲವೇ ಎಂದರು. ಈ ಕೆಲಸಕ್ಕೆ ತಾನು ಅರ್ಜಿಯೇ ಹಾಕುವುದಿಲ್ಲ ಎಂದಿದ್ದವಳು ನನ್ನ ಗೆಳತಿ. ಕಲಿಸಿದ್ದು ನಾನು ಎಂದೆ. ಅವರು ನನ್ನ ಹಾಳೆಯನ್ನು ಹಿಂದೆ ಮುಂದೆ ತಿರುವಿದರು.

“ಇದರಾಗ ಎಲ್ಲೂ ಇಲ್ಲಲ್ರೀ.”

ಕೆಲಸ ಅವಳಿಗಾಯಿತು. ನಾನು ಕೋಣೆಗೆ ಬರುವಷ್ಟರಲ್ಲಿ ಅವಳ ಟ್ರಂಕು ಹೋಗಿತ್ತು. ಜಗಳವಾಡುವ ಭಾಗ್ಯವನ್ನೂ ಕೊಡಲಿಲ್ಲ ಪುಣ್ಯಾತ್ಗಿತ್ತಿ! ವಾರವಿಡೀ ಅತ್ತೆ, ಬೈದೆ, ಮತ್ತೆ ಅತ್ತೆ.

ಎರಡು ತಿಂಗಳಾದ ಮೇಲೆ ಅವಳ ಫೋನು ಬಂತು. ಕ್ಷಮೆ ಕೇಳುತ್ತಾಳೇನೋ ಎಂದು ಎತ್ತಿದೆ, ಅಷ್ಟು ಹುಚ್ಚಿ ನಾನು. ಹುಡುಗಿಯರು ಕೂಸು ಎತ್ತಿಕೊಂಡು ಬಂದು ನಡುವೆಯೇ ಎದ್ದು ಹೋಗುತ್ತಾರಂತೆ. ಮೇಲಿನವರು ತನ್ನನ್ನು ಕಾರಣ ಕೇಳುತ್ತಿದ್ದಾರಂತೆ. ಪೋತ್ನಾಳದಲ್ಲಿ ನೀನು ಏನು ಮಾಡುತ್ತಿದ್ದೆ ಎಂದಳು. ನನ್ನ ಎರಡು ವರ್ಷವನ್ನು ಎತ್ತಿಕೊಂಡವಳು ಜೋಲಿಯನ್ನು ಮಾತ್ರ ಹಗುರವೆಂದು ಬಿಟ್ಟು ಹೋಗಿದ್ದಳು, ಅದು ಅವಳ ನೆನಪಿನಲ್ಲೂ ಉಳಿದಿರಲಿಲ್ಲ.

“ನೀನು ಕೆಂಪು ಗೆರಿ ಎಳದ ಸಾಲಿನ್ಯಾಗ ಅದ,” ಎಂದೆ. “ಆ ಹಾಳಿ ನನ್ನ ಹತ್ರ ಅದ.”

ಬಂದು ಓದಲೇ ಎಂದು ಕೇಳಿದಳು. ನಾನು ಫೋನ್ ಇಟ್ಟೆ.